ಸಹಾಯ ಬೇಕು: ಯಮಾಹಾ ಗಿಟಾರ್‌ಗಳಲ್ಲಿ ಎಫ್310 ಕೊಳ್ಳಲೇ, ಎಫ್‌ಜಿ800 ಕೊಳ್ಳಲೇ?

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದ ಬಾಡಿಗೆ ಮನೆಯಲ್ಲಿ ಎರಡು ವರ್ಷಗಳಿಂದ ಹಳೆಯ ಅಕೌಸ್ಟಿಕ್ ಗಿಟಾರೊಂದರಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಹನ್ನೆರಡನೆಯ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಬಳಿ ಅದರ ತಂತಿಗಳು ಸುಮಾರು 4 ಮಿಲಿಮೀಟರ್ ಎತ್ತರದಲ್ಲಿವೆ. ತೆಳುವಾದ ತಂತಿ ಹಾಕಿಸಿದೆ, ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ಸರಿಪಡಿಸಿದೆ, ತಂತಿಗಳನ್ನು ಕೆಳಗಡೆ ಹೊರುವ ಸ್ಯಾಡಲ್ಲನ್ನೂ ಉಜ್ಜಿಸಿದೆ, ಆದರೂ ಒಂದೇ ಬೆರಳಲ್ಲಿ ಹಲವು ತಂತಿ ಒತ್ತಬೇಕಾದ ಎಫ್ ಕಾರ್ಡ್ ಹಿಡಿದಾಗಲೆಲ್ಲ ಬೆರಳು ನೋಯುತ್ತದೆ. ಆದ್ದರಿಂದ ಹೊಸದನ್ನು ಕೊಳ್ಳಲು ನಿರ್ಧರಿಸಿದ್ದೇನೆ.

ಎಫ್310ರ ಮೇಲ್ಹಲಗೆ ಪದರಗಳನ್ನು ಅಂಟಿಸಿದ ಸ್ಪ್ರೂಸ್ ಮರ. ಎಫ್‌ಜಿ800ರದು ಸಾಲಿಡ್, ಅಂದರೆ ಪದರಗಳಿಲ್ಲದ ಇಡೀ ಮರದ ಸ್ಪ್ರೂಸ್. ಮೊದಲನೆಯದರ ತಂತಿಯ ಉದ್ದ 634 ಮಿಲಿಮೀಟರ್, ಎರಡನೆಯದರದು 650. ನನ್ನ ಕೈ ಚಿಕ್ಕದಾದ್ದರಿಂದ ಈ ವ್ಯತ್ಯಾಸವನ್ನೂ ಕಡೆಗಣಿಸುವಂತಿಲ್ಲ. ಅಂಗಡಿಯಲ್ಲಿ ಎರಡನ್ನೂ ನುಡಿಸಿ ನೋಡಿದಾಗ ಎಫ್‌ಜಿ800ರ ನಾದ ನನಗೆ ನಿಜವಾಗಿಯೂ ತುಂಬಿಕೊಂಡಂತೆ ಕೇಳಿಸಿತು. ಆದರೆ ಅದಕ್ಕೆ ಆಗಷ್ಟೇ ಹೊಸ ತಂತಿ ಹಾಕಿದ್ದರು, ಇನ್ನೊಂದರ ತಂತಿಗಳು ಮಂಕಾಗಿದ್ದವು. ಹಾಗಾಗಿ ನಾನು ಕೇಳಿದ್ದು ಮರದ ಗುಣವೋ ತಂತಿಯ ಗುಣವೋ ಎಂಬುದೇ ನನ್ನ ಗೊಂದಲ. ಅಲ್ಲಿ ಹೇಳಿದ ಎಫ್‌ಜಿ800ರ ಬೆಲೆಯೋ ಎಫ್310ರದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಜೊತೆಗೆ, ಸಾಲಿಡ್ ಹಲಗೆ ತೇವಾಂಶದ ಏರಿಳಿತಕ್ಕೆ ಬೇಗ ಸ್ಪಂದಿಸುತ್ತದೆ. ನಮ್ಮೂರಿನಲ್ಲಿ ಮಾರ್ಚ್ ತಿಂಗಳ ಒಣಹವೆಗೂ ಮಳೆಗಾಲದ ತೇವಕ್ಕೂ ಬಹಳ ಅಂತರವಿದೆ.

ಬೆಂಗಳೂರಿನಲ್ಲಿ ಸಾಲಿಡ್ ಹಲಗೆಯ ಗಿಟಾರನ್ನು ಕೆಲವು ವರ್ಷ ಬಳಸಿದವರು ದಯವಿಟ್ಟು ತಿಳಿಸಿ: ಎಫ್310 ಕೊಂಡು ಉಳಿದ ಹಣದಲ್ಲಿ ಒಳ್ಳೆಯ ತಂತಿ ಹಾಕಿಸಿ ಸೆಟಪ್ (ತಂತಿಯ ಎತ್ತರ ಇತ್ಯಾದಿಗಳ ಹೊಂದಾಣಿಕೆ) ಮಾಡಿಸಿದರೆ ನನ್ನಂಥವನಿಗೆ ಸಾಕೇ, ಅಥವಾ ಈಗಲೇ ಎಫ್‌ಜಿ800 ಕೊಳ್ಳುವುದು ಸರಿಯೇ?