15 ಆಂಪ್ ತೆಗೆದು 30 ಆಂಪ್: ಮನೆ ಗುಂಪಿನಲ್ಲಿ ವಾದ

ಭಾವ: ಈ ವಿಡಿಯೋ ನೋಡಿ. ಎಲೆಕ್ಟ್ರಿಕ್ ಸೈಕಲ್‌ನಲ್ಲಿ ಮೋಟರ್‌ಗೆ ಕರೆಂಟ್ ಅಳೆದು ಕೊಡುವ 15 ಆಂಪ್ ಕಂಟ್ರೋಲರ್ ತೆಗೆದು 30 ಆಂಪ್‌ದು ಹಾಕಿದ್ದಾನೆ. ಬ್ಯಾಟರಿ ಹಳೆಯದೇ. ಏರಿನಲ್ಲಿ ಎಷ್ಟು ಸಲೀಸಾಗಿ ಹತ್ತುತ್ತಿದೆ! ನನ್ನ ಬ್ಯಾಟರಿಯನ್ನು ಕಾಯುವ ಬೋರ್ಡ್, ಅಂದರೆ ಬಿಎಂಎಸ್ ಕೂಡ 30 ಆಂಪ್. ನಾನೂ ಹಾಕಿಸುತ್ತೇನೆ.

ನಾನು: ಭಾವ, ದಯವಿಟ್ಟು ಬೇಡ. ಬಿಎಂಎಸ್ ಮೇಲಿನ 30 ಅಂದರೆ ಅಲ್ಲಿಯವರೆಗೆ ಆರಾಮಾಗಿ ಎಳೆಯಬಹುದು ಅಂತ ಅಲ್ಲ. ಆ ಬೋರ್ಡ್ ಎಷ್ಟು ತಾಳುತ್ತದೆ ಅಂತ ಅಷ್ಟೇ. ಒಳಗಿನ ಸೆಲ್‌ಗಳು ಎಷ್ಟು ತಾಳುತ್ತವೆ ಅನ್ನುವುದು ಬೇರೆ ಲೆಕ್ಕ.

ಭಾವ: ಜಾಸ್ತಿ ಆದರೆ ಅದೇ ಕಟ್ ಮಾಡುತ್ತದಲ್ವಾ? ಮತ್ತೆ ಭಯ ಯಾಕೆ?

ನಾನು: ತನ್ನ ಮಿತಿ ದಾಟಿದರೆ ಮಾತ್ರ ಕಟ್ ಮಾಡುತ್ತದೆ. 28ರಲ್ಲಿ ದಿನಾ ಓಡಿಸಿದರೆ ಅದು ಸುಮ್ನೆ ಇರುತ್ತದೆ, ಸೆಲ್ ಮಾತ್ರ ಸವೆಯುತ್ತಾ ಹೋಗುತ್ತದೆ. ನಿಮ್ಮದು 48 ವೋಲ್ಟ್, 13 ಆಂಪ್-ಅವರ್ ಅಲ್ವಾ? ಅಂಥ ಪ್ಯಾಕ್‌ನಲ್ಲಿ ಸಾಮಾನ್ಯವಾಗಿ 13 ಸಾಲು ಸರಣಿಯಲ್ಲಿ, ಒಂದೊಂದು ಸಾಲಿಗೆ ನಾಲ್ಕು ಸೆಲ್ ಸಮಾಂತರದಲ್ಲಿ. 15 ಆಂಪ್ ಎಳೆದರೆ ಒಂದು ಸೆಲ್ ಮೇಲೆ 3.75 ಆಂಪ್. 30 ಎಳೆದರೆ 7.5. ಹೆಚ್ಚು ದೂರ ಓಡಲಿ ಅಂತ ಮಾಡಿದ ಸೆಲ್‌ಗೆ ಇದು ದೊಡ್ಡ ಹೊರೆ. ಅದರಲ್ಲೂ ನಾಲ್ಕರಲ್ಲಿ ಒಂದು ಸೆಲ್ ಸೊರಗಿತು ಅಂದುಕೊಳ್ಳಿ. ಅದರ ಪಾಲನ್ನೂ ಉಳಿದ ಮೂರೇ ಹೊರಬೇಕು. ಆಮೇಲೆ ಅವೂ ಬೇಗ ಸೊರಗುತ್ತವೆ. ಒಂದೇ ಒಂದು ಸಾಲು ಕುಸಿದರೂ ಬಿಎಂಎಸ್ ಇಡೀ ಪ್ಯಾಕ್ ನಿಲ್ಲಿಸುತ್ತದೆ, ಉಳಿದ 12 ಸಾಲು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಕಿಟ್ಟಿ: ಅಣ್ಣಾ, ನನ್ನ ಸೈಕಲ್ ಚಾರ್ಜ್ ಇನ್ನೂ 30% ತೋರಿಸುವಾಗಲೇ ಏರಿನಲ್ಲಿ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಮತ್ತೆ ಓಡುತ್ತದೆ. ಇದೇನಾ?

ನಾನು: ಬಹುಶಃ ಇದೇ ಕಿಟ್ಟಿ. ಜೋರಾಗಿ ಎಳೆದಾಗ ವೋಲ್ಟೇಜ್ ಇಳಿಯುತ್ತದೆ, ತೀರಾ ಇಳಿದರೆ ಬಿಎಂಎಸ್ ಕಟ್ ಮಾಡುತ್ತದೆ. ಬಿಟ್ಟಾಗ ವೋಲ್ಟೇಜ್ ಮೇಲೆ ಬರುತ್ತದೆ. ಹಳೆಯ ಸೆಲ್‌ನಲ್ಲಿ ಒಳಗಿನ ತಡೆ (ರೆಸಿಸ್ಟೆನ್ಸ್) ಜಾಸ್ತಿ, ಹಾಗಾಗಿ ಇಳಿತವೂ ಜಾಸ್ತಿ. ನೀನು ಏರಿನಲ್ಲಿ ಅಸಿಸ್ಟ್, ಅಂದರೆ ಮೋಟರ್ ನೆರವು, ಕಡಿಮೆ ಮಾಡಿ ಪೆಡಲ್ ತುಳಿ. ಒಂದೊಂದು ಸಾಲಿನ ವೋಲ್ಟೇಜ್ ಅಳತೆ ಮಾಡಿಸು.

ಚಿಕ್ಕಪ್ಪ: ಅಳಿಯಂದಿರೇ, ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಪ್ಯಾಕ್‌ನ ತಡೆ 0.1 ಓಮ್ ಅಂತ ಇಟ್ಟುಕೊಳ್ಳಿ. 15 ಆಂಪ್‌ಗೆ ಒಳಗೆ ಹುಟ್ಟುವ ಬಿಸಿ ಸುಮಾರು 22 ವಾಟ್. 30 ಆಂಪ್‌ಗೆ 90 ವಾಟ್. ಮುಚ್ಚಿದ ಡಬ್ಬಿ, ಗಾಳಿ ಆಡುವುದಿಲ್ಲ. ನಡುವಿನ ಸೆಲ್‌ಗಳು ಬೇಯುತ್ತವೆ.

ಭಾವ: ಮಾವ, ನಾನು ಇಡೀ ದಿನ ಎಳೆಯುವುದಿಲ್ಲ. ಏರು ಬಂದಾಗ ಒಂದೆರಡು ನಿಮಿಷ ಅಷ್ಟೇ.

ನಾನು: ಒಂದೆರಡು ನಿಮಿಷ ಮಾತ್ರ ಅಂದರೆ ವಾದ ಒಪ್ಪುತ್ತೇನೆ. ಆದರೆ ಕಂಟ್ರೋಲರ್‌ಗೆ ಏರು, ಸಮತಟ್ಟು ಅಂತ ಗೊತ್ತಾಗುವುದಿಲ್ಲ. ನಿಂತ ಜಾಗದಿಂದ ಥ್ರಾಟಲ್ ತಿರುಗಿಸಿದಾಗಲೆಲ್ಲ ಅದು ಪೂರ್ತಿ ಕರೆಂಟ್ ಕೇಳುತ್ತದೆ. ಇನ್ನೊಂದು ವಿಷಯ, ಆ ವಿಡಿಯೋದಲ್ಲಿ ಸ್ಪೀಡ್ ಎರಡು ಪಟ್ಟು ಅಂದಿದ್ದಾನೆ. ಅದು ತಪ್ಪು. ಆಂಪ್ ಜಾಸ್ತಿ ಆದರೆ ಎಳೆತ ಜಾಸ್ತಿ. ಗರಿಷ್ಠ ಸ್ಪೀಡ್ ಮುಖ್ಯವಾಗಿ ವೋಲ್ಟೇಜ್ ಮತ್ತು ಮೋಟರ್ ಒಳಗಿನ ತಂತಿ ಸುತ್ತುಗಳಿಂದ ಬರುತ್ತದೆ.

ಅಕ್ಕ: ಕಂಟ್ರೋಲರ್ ಇರಲಿ. ಇವರು ಪೂರ್ತಿ ಖಾಲಿ ಮಾಡಿಯೇ ಚಾರ್ಜ್‌ಗೆ ಹಾಕುತ್ತಾರೆ, 100% ಆದ ಮೇಲೆ ವಾರಗಟ್ಟಲೆ ಹಾಗೇ ಇಡುತ್ತಾರೆ. ಅದು ಸರಿಯಾ?

ನಾನು: ಎರಡೂ ಸರಿಯಲ್ಲ ಅಕ್ಕಾ. ಖಾಲಿ ಮಾಡುವುದು ಹಳೆಯ ನಿಕಲ್-ಕ್ಯಾಡ್ಮಿಯಂ ಕಾಲದ ಪಾಠ. ಲಿಥಿಯಂಗೆ ತುಂಬಾ ತುಂಬಿರುವುದೂ ತುಂಬಾ ಖಾಲಿ ಇರುವುದೂ ಆಗುವುದಿಲ್ಲ. ಬಳಸದೆ ಇಡುವಾಗ 40ರಿಂದ 60% ಇರಲಿ, ತಂಪಾದ ಜಾಗದಲ್ಲಿ. ಓಡಿಸಿ ಬಂದ ತಕ್ಷಣ ಬಿಸಿ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಬೇಡಿ.

ಭಾವ: ಸರಿ. ಹಾಗಾದರೆ ಎಷ್ಟು ಆಂಪ್ ಹಾಕಿಸಲಿ, ಅದನ್ನು ಹೇಳು.

ನಾನು: ಸೆಲ್ ಮಾಡೆಲ್ ಗೊತ್ತಾದರೆ ಅದರ ಡೇಟಾಶೀಟ್ ನೋಡಿ ಹೇಳಬಹುದು. ಗೊತ್ತಿಲ್ಲದಿದ್ದರೆ ಒಂದೇ ಸಮ ಎಳೆಯುವುದು 13 ಆಂಪ್ ಆಸುಪಾಸಿನಲ್ಲಿರಲಿ. ಸ್ವಲ್ಪ ಹೊತ್ತಿಗೆ 18 ಆಂಪ್ ಅಂದರೆ ನನಗೂ ಒಪ್ಪಿಗೆ. 30 ಬೇಕೇ ಬೇಕು ಅಂದರೆ ಸಾಲಿಗೆ ಏಳೆಂಟು ಸೆಲ್ ಇರುವ ದೊಡ್ಡ ಪ್ಯಾಕ್ ತೆಗೆದುಕೊಳ್ಳಿ.

ಚಿಕ್ಕಪ್ಪ: ವೈರು, ಕನೆಕ್ಟರ್ ಕೂಡ ಆ ಕರೆಂಟಿಗೆ ತಕ್ಕಂತೆ ದಪ್ಪ ಇರಬೇಕು.

ಭಾವ: ಲೇಬಲ್ ಫೋಟೋ ಸಂಜೆ ಹಾಕುತ್ತೇನೆ. ನೋಡಿ ಹೇಳು.