ಪದಚರ್ಚೆ: ‘ಲಾಕ್-ಇನ್’ ಎನ್ನುವುದಕ್ಕೆ ‘ಅನುರಣನ’ ಸಾಕೇ?

ಬಲ್ಲವರೆಲ್ಲರಿಗೂ ತುಮಕೂರಿನಿಂದ ನಮಸ್ಕಾರ.

ಆಳಗಡಲಿನ ತಳದಿಂದ ಮೇಲಿನ ಹಡಗಿಗೆ ಎಣ್ಣೆ, ಅನಿಲ ತರುವ ನೀಳ ಕೊಳವೆಗಳು ನೀರಿನ ಹರಿವಿಗೆ ಸಿಕ್ಕಿ ಅದುರುತ್ತವಲ್ಲ, ಅದರ ಬಗ್ಗೆ ಇಲ್ಲಿನ ಡಿಪ್ಲೊಮಾ ಹುಡುಗರಿಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ‘ಲಾಕ್-ಇನ್’ಗೆ, ಅಂದರೆ ನೀರಿನ ಸುಳಿಗಳು ಕೊಳವೆಯ ಓಲಾಟಕ್ಕೇ ಕಟ್ಟುಬೀಳುವುದಕ್ಕೆ, ‘ಅನುರಣನ’ (ರೆಸೊನೆನ್ಸ್) ಎಂಬ ಪದ ಸಾಕೇ ಎಂಬುದು ನನ್ನ ಪ್ರಶ್ನೆ. ಬಯಲುಸೀಮೆಯವರಿಗೆ ಇದ್ಯಾಕೆ ಅನ್ನಬೇಡಿ. ಪಾವಗಡದ ಸೋಲಾರ್ ಪಾರ್ಕಿನಿಂದ ಹೊರಡುವ ಹೈಟೆನ್ಶನ್ ಲೈನನ್ನು ಕತ್ತೆತ್ತಿ ನೋಡಿದರೆ, ಟವರಿನ ಎರಡೂ ಪಕ್ಕ ತಂತಿಗೆ ಡಂಬೆಲ್ ಆಕಾರದ ತುಂಡೊಂದು ಜೋತುಬಿದ್ದಿರುತ್ತದೆ. ಲೈನ್‌ಮನ್‌ಗಳು ‘ಡ್ಯಾಂಪರ್’ ಅನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಸ್ಟಾಕ್‌ಬ್ರಿಡ್ಜ್ ಎಂಬ ಎಂಜಿನಿಯರ್ ಮಾಡಿದ್ದು. ತಂತಿ ಗಾಳಿಗೆ ಅದುರುವುದನ್ನು ತಗ್ಗಿಸುವುದು ಅದರ ಕೆಲಸ. ಗಾಳಿ ತಂತಿಗೆ ಮಾಡುವ ಕಾಟವನ್ನೇ ಕಡಲಿನ ಹರಿವು ಕೊಳವೆಗೆ ಮಾಡುತ್ತದೆ.

ನಡೆಯುವುದು ಇಷ್ಟು. ಹರಿವು ಉರುಟು ಕೊಳವೆಯನ್ನು ಬಳಸಿ ಹೋಗುವಾಗ ಅದರ ಬೆನ್ನ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಕಟ್ಟಿಕೊಂಡು ಕಳಚಿ ಹೋಗುತ್ತದೆ. ಕಳಚಿದಾಗಲೆಲ್ಲ ಕೊಳವೆಗೆ ಅಡ್ಡಡ್ಡ ಒಂದು ಸೆಳೆತ. ಈ ಎಡ-ಬಲದ ಜೋಡಿ ಸೆಕೆಂಡಿಗೆ ಎಷ್ಟು ಸಲ ಎಂಬುದಕ್ಕೆ ಸುಲಭದ ಲೆಕ್ಕವಿದೆ: ವೇಗವನ್ನು ವ್ಯಾಸದಿಂದ ಭಾಗಿಸಿ, ಸುಮಾರು 0.2ರಿಂದ ಗುಣಿಸಿ. ಗಾಳಿಗೆ ಹಾಡುವ ತಂತಿಗಳನ್ನು ಪರೀಕ್ಷಿಸಿ 1878ರಲ್ಲಿ ಈ ನಂಟನ್ನು ಕಂಡವನು ಚೆಕ್ ಭೌತವಿಜ್ಞಾನಿ ಸ್ಟ್ರೂಹಾಲ್. 30 ಮಿಲಿಮೀಟರಿನ ತಂತಿಗೆ ಸೆಕೆಂಡಿಗೆ 3 ಮೀಟರಿನ ಮೆಲುಗಾಳಿ ಬೀಸಿದರೆ 20 ಸಲ. 30 ಸೆಂಟಿಮೀಟರಿನ ಕೊಳವೆಗೆ ಸೆಕೆಂಡಿಗೆ 1 ಮೀಟರಿನ ಹರಿವು ಬಡಿದರೆ ಒಂದೂವರೆ ಸೆಕೆಂಡಿಗೊಮ್ಮೆ. ಇದೇನು ಮಹಾ ಅನಿಸಬಹುದು. ಆದರೆ ಹರಿವು ಬಿಡದೆ ಇದ್ದರೆ ವರ್ಷಕ್ಕೆ 2 ಕೋಟಿಗೂ ಹೆಚ್ಚು ಸಲ ಬಾಗಬೇಕು. ಬೆಸುಗೆ ಬಿರುಕು ಬಿಡಲು ಅಷ್ಟು ಸಾಕು.

‘ಸುಳಿ’ಯ ಬಗ್ಗೆ ಒಂದು ಮಾತು. ವೋರ್ಟೆಕ್ಸ್‌ಗೆ ಅದಕ್ಕಿಂತ ಒಳ್ಳೆಯ ಪದ ಬೇಕಿಲ್ಲ. ಆದರೆ ಒಬ್ಬ ಗೆಳೆಯರು ಸೂಚಿಸಿದ ‘ಸುಳಿ ಬಿಡುವುದು’ ನಮ್ಮ ಕಡೆ ನಡೆಯುವುದಿಲ್ಲ. ತಿಪಟೂರಿನ ಹುಡುಗನಿಗೆ ಸುಳಿ ಎಂದರೆ ಮೊದಲು ತೆಂಗಿನ ಸುಳಿ. ಅದು ಬಿಟ್ಟಿತು ಎಂದರೆ ಗಿಡ ಚೆನ್ನಾಗಿದೆ, ಕೊಳೆತಿತು ಎಂದರೆ ಮರವೇ ಹೋಯಿತು! ಹಾಗಾಗಿ ‘ಸುಳಿ ಕಳಚುವುದು’ ಎಂದಿಟ್ಟುಕೊಂಡಿದ್ದೇನೆ. ಒಟ್ಟು ವಿದ್ಯಮಾನಕ್ಕೆ ‘ಸುಳಿಪ್ರೇರಿತ ಕಂಪನ’ ಎಂದು ಬರೆಯಬಹುದು. ನನಗೆ ‘ಸುಳಿಯದುರು’ ಎಂಬುದೇ ಬಾಯಿಗೆ ಹಗುರ. ಈ ಅದುರನ್ನು ಮೊದಲೇ ಲೆಕ್ಕಹಾಕುವ ‘ಪ್ರಿಡಿಕ್ಷನ್’ ಎಂಬ ಪದ ತಂಟೆ ಕೊಡಲಿಲ್ಲ. ‘ಮುನ್ಸೂಚನೆ’ ಎಂದರೆ ಮಳೆಯದ್ದಾಗುತ್ತದೆ, ‘ಭವಿಷ್ಯ’ ಎಂದರೆ ಜೋಯಿಸರದ್ದು. ‘ಅಂದಾಜು’ ಸಾಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಶಿಯರ್7 ತರಹದ ತಂತ್ರಾಂಶಗಳು ಮಾಡುವುದೂ ಪ್ರಯೋಗಶಾಲೆಯ ಅಳತೆಗಳನ್ನು ಊರಿಕೊಂಡ ಅಂದಾಜನ್ನೇ. ನಂಬಿಕೆ ಸಾಲದೆ, 20 ವರ್ಷ ಬಾಳಬೇಕಾದ ಕೊಳವೆಗೆ ಲೆಕ್ಕದಲ್ಲಿ 200 ವರ್ಷದ ಆಯುಸ್ಸು ತೋರಿಸು ಎಂದು ಕೇಳುವುದು ಈ ಕಸುಬಿನಲ್ಲಿ ಮಾಮೂಲು.

ನಾನು ನಿಜಕ್ಕೂ ತಡವರಿಸಿರುವುದು ‘ಲಾಕ್-ಇನ್’ ಹತ್ತಿರ. ಹಲವರು ಇದನ್ನು ‘ಅನುರಣನ’ದ ಖಾತೆಗೇ ಹಾಕಿಬಿಡುತ್ತಾರೆ. ಅನುರಣನದಲ್ಲಿ ಹೊರಗಿನ ತಳ್ಳು ತನ್ನ ಪಾಡಿಗೆ ತಾನಿರುತ್ತದೆ. ಅದರ ಆವರ್ತನ (ಸೆಕೆಂಡಿಗೆ ಎಷ್ಟು ಸಲ ಎಂಬುದು) ವಸ್ತುವಿನ ಸಹಜ ಆವರ್ತನಕ್ಕೆ, ಅಂದರೆ ತಟ್ಟಿಬಿಟ್ಟರೆ ಅದು ತಾನಾಗಿ ಅದುರುವ ಲಯಕ್ಕೆ, ಕೂಡಿಬಂದರೆ ಆಟ ಜೋರು, ತಪ್ಪಿದರೆ ತಣ್ಣಗೆ. ಇಲ್ಲಿ ಹಾಗಿಲ್ಲ. ಹರಿವಿನ ವೇಗ ಏರಿದಂತೆ ಸುಳಿ ಕಳಚುವ ಆವರ್ತನವೂ ಏರಬೇಕಿತ್ತು. ಆದರೆ ಕೊಳವೆ ಒಮ್ಮೆ ತೂಗತೊಡಗಿದರೆ ಸುಳಿಗಳು ಅದರ ಓಲಾಟಕ್ಕೇ ಕಟ್ಟುಬಿದ್ದು, ವೇಗ ಇನ್ನಷ್ಟು ಏರಿದರೂ ಅದನ್ನು ಬಿಟ್ಟುಕೊಡುವುದಿಲ್ಲ. ನಮ್ಮ ಸೋಮನ ಕುಣಿತದಲ್ಲಿ ಸೋಮ ಹೆಜ್ಜೆ ಬದಲಿಸಿದಂತೆ ಅರೆ ವಾದ್ಯ ಬಾರಿಸುವವನೂ ಪೆಟ್ಟು ಬದಲಿಸಿದ ಹಾಗೆ.

ಕೊಳವೆಯೂ ತನ್ನ ಹಟ ಬಿಟ್ಟು ಒಂದಿಷ್ಟು ಬಗ್ಗುತ್ತದೆ, ಅದೇ ಇನ್ನೂ ಸೊಗಸು. ಅದು ಓಲಾಡುವಾಗ ಸುತ್ತಲಿನ ನೀರನ್ನೂ ಎಳೆದಾಡಬೇಕು. ಆ ನೀರಿನ ಭಾರ ಕೊಳವೆಯ ಭಾರಕ್ಕೆ ಕೂಡಿಕೊಳ್ಳುತ್ತದೆ. ಓಲಾಟದ ರೀತಿ ಬದಲಾದರೆ ಈ ಕೂಡುಭಾರವೂ ಬದಲಾಗಿ ಕೊಳವೆಯ ಸಹಜ ಆವರ್ತನವೇ ಜರುಗುತ್ತದೆ. ಗಾಳಿಯಲ್ಲಿರುವ ತಂತಿಗೆ ಈ ಕೂಡುಭಾರ ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೆ ಅಲ್ಲಿ ಲಾಕ್-ಇನ್ ನಡೆಯುವ ವೇಗದ ವ್ಯಾಪ್ತಿ ಕಿರಿದು. ನೀರಿನಲ್ಲಿ ಅಗಲ. ಕೊಳವೆ ತನ್ನ ವ್ಯಾಸದಷ್ಟೇ ಅತ್ತಿತ್ತ ಓಲಾಡುವುದುಂಟು. ಮೇಲಾಗಿ ಹರಿವು ಆಳಕ್ಕೆ ತಕ್ಕಂತೆ ಬದಲಾಗುತ್ತದೆ. ಕಾಕಿನಾಡದಾಚೆ ಕೃಷ್ಣಾ-ಗೋದಾವರಿ ಕಡಲಿನಲ್ಲಿ ಕೆಲವು ಬಾವಿಗಳಿಗೆ ನೀರಿನ ಆಳವೇ 2,000 ಮೀಟರ್ ದಾಟುತ್ತದೆ. ಅಂಥ ಆಳದಲ್ಲಿ ಮೇಲ್ಭಾಗ ಒಂದು ಲಯಕ್ಕೆ, ಕೆಳಭಾಗ ಇನ್ನೊಂದಕ್ಕೆ ಎಳೆದಾಡಿದರೆ ಯಾವುದು ಗೆಲ್ಲುತ್ತದೆ? ಅಂದಾಜು ಕಷ್ಟವಾಗುವುದು ಹೆಚ್ಚಾಗಿ ಇಲ್ಲೇ.

ಆದ್ದರಿಂದ ‘ಅನುರಣನ’ ಎಂದು ಬರೆದರೆ ಹುಡುಗರು ತಪ್ಪು ತಿಳಿಯುತ್ತಾರೆ ಎಂಬುದು ನನ್ನ ಆತಂಕ. ‘ಬೀಗ ಬೀಳುವುದು’ ಎಂದರೆ ಕಾರ್ಖಾನೆ ಮುಚ್ಚಿತೇ ಎಂದು ಕೇಳಿಯಾರು. ‘ಲಯಬಂಧ’ ಚೆಂದವಿದೆ, ಆದರೆ ಒಬ್ಬರು ಇನ್ನೊಬ್ಬರನ್ನು ಕಟ್ಟಿಹಾಕಿದ ಧ್ವನಿ ಅದರಲ್ಲಿದೆ. ‘ಹೆಜ್ಜೆಗೂಡಿಕೆ’ ಎಂದರೆ ಇಬ್ಬರೂ ಹೊಂದಿಕೊಂಡದ್ದು ತಿಳಿಯುತ್ತದೆ. ‘ಸುಳಿಯೂ ಕೊಳವೆಯೂ ಹೆಜ್ಜೆಗೂಡಿದವು’ ಎಂದು ಕ್ರಿಯಾಪದವಾಗಿಯೂ ಆಡಬಹುದು. ಸದ್ಯ ನನ್ನ ಒಲವು ಇದರ ಕಡೆಗೆ. ಇದನ್ನು ಬೇರೆ ಅರ್ಥದಲ್ಲಿ ಯಾರಾದರೂ ಆಗಲೇ ಬಳಸಿದ್ದಾರೆಯೇ?

ಇನ್ನೊಂದು, ಕರಾವಳಿಯವರಿಗೆ. ಕಡಲಿನ ‘ಕರೆಂಟ್’ಗೆ ‘ಪ್ರವಾಹ’ ಎಂದರೆ ನಮ್ಮವರಿಗೆ ನೆರೆಯೋ ವಿದ್ಯುತ್ತೋ ನೆನಪಾಗುತ್ತದೆ. ಅದಕ್ಕೇ ಬರೀ ‘ಹರಿವು’ ಎಂದು ಬರೆದಿದ್ದೇನೆ. ಮೇಲೆ ಅಲೆ ಇಲ್ಲದಿದ್ದರೂ ಒಳಗೊಳಗೇ ಬಲೆಯನ್ನು ಎಳೆದೊಯ್ಯುವ ನೀರಿಗೆ ಮಲ್ಪೆ, ಹೊನ್ನಾವರ, ಕಾರವಾರದ ಮೀನುಗಾರರು ಏನನ್ನುತ್ತಾರೆ? ಕಿವಿಯಾರೆ ಕೇಳಿದ ಪದ, ಅದನ್ನು ಆಡಿದ ವಾಕ್ಯದ ಸಮೇತ ತಿಳಿಸಿದರೆ ಉಪಕಾರ.