ಕೇಕ್ ಮೇಲಿನ ಲೇಸ್: ‘ಪೈಪ್ ಮಾಡು’ ಎನ್ನುವುದಕ್ಕೆ ಯಾವ ಕ್ರಿಯಾಪದ?

ಎಲ್ಲರಿಗೂ ನಮಸ್ಕಾರ. ಕೇಕ್ ಅಲಂಕಾರ ಕಲಿಯುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಐಸಿಂಗ್‌ನಲ್ಲಿ ಲೇಸ್ ಹಾಕುವ ಅಧ್ಯಾಯಕ್ಕೆ ಬಂದು ಪೆನ್ನು ನಿಂತಿದೆ. ಸಾಮಾನುಗಳ ಹೆಸರು ನನಗೆ ತೊಡಕಲ್ಲ. ನಾಝಲ್ (ತೂತಿರುವ ಸಣ್ಣ ಮೂತಿ), ಪೈಪಿಂಗ್ ಬ್ಯಾಗ್ (ಮೂತಿ ಸಿಕ್ಕಿಸಿ ಐಸಿಂಗ್ ತುಂಬುವ ಚೀಲ), ರಾಯಲ್ ಐಸಿಂಗ್ (ಮೊಟ್ಟೆಯ ಬಿಳಿ, ಸಕ್ಕರೆ ಪುಡಿ ಕಲಸಿದ, ಒಣಗಿದರೆ ಗಟ್ಟಿಯಾಗುವ ಐಸಿಂಗ್) ಎಲ್ಲ ಹಾಗೇ ಇರಲಿ, ಕೆಲಸ ಮಾಡುವವರು ಅವನ್ನು ಕರೆಯುವುದೇ ಹಾಗೆ. ಕಷ್ಟವಿರುವುದು ಕ್ರಿಯಾಪದದಲ್ಲಿ.

ಬ್ಯಾಗನ್ನು ಒತ್ತಿ ನಾಝಲ್‌ನಿಂದ ಐಸಿಂಗ್ ಹೊರಬಿಡುವುದಕ್ಕೆ ಇಂಗ್ಲಿಷಿನಲ್ಲಿ ಪೈಪ್ ಮಾಡುವುದು ಎನ್ನುತ್ತಾರೆ. ‘ಪೈಪ್ ಮಾಡಿ’ ಎಂದು ಬರೆದರೆ ಗೊತ್ತಿದ್ದವರಿಗೆ ಸಾಕು. ಹೊಸಬರಿಗೆ ಕೈ ಏನು ಮಾಡಬೇಕು ಎನ್ನುವುದು ಅದರಿಂದ ತಿಳಿಯುವುದಿಲ್ಲ. ‘ಹಿಂಡಿ’ ಎಂದರೆ ಜೋರು ಜಾಸ್ತಿಯಾಯಿತು. ಲೇಸ್‌ಗೆ ಬಳಸುವ ನಾಝಲ್‌ಗಳು 1, 0, 00 ನಂಬರಿನವು. 00 ಅಂದರೆ 0ಗಿಂತಲೂ ಸಣ್ಣ ತೂತು. ಸಕ್ಕರೆ ಪುಡಿಯ ಒಂದು ದಪ್ಪ ಕಾಳು ಸಿಕ್ಕಿಕೊಂಡರೂ ಅದು ಕಟ್ಟಿಕೊಳ್ಳುತ್ತದೆ, ಅದಕ್ಕೇ ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ಅಂಥ ನಾಝಲ್ ಹಾಕಿದ ಬ್ಯಾಗನ್ನು ಯಾರಾದರೂ ನಿಜವಾಗಿ ಹಿಂಡಿದರೆ ಬ್ಯಾಗೇ ಒಡೆಯಬಹುದು.

‘ಬಿಡಿಸಿ’ ಎನ್ನೋಣವೇ? ಬಿಡಿಸುವುದು ಪೆನ್ಸಿಲ್ಲಿನ ಕೆಲಸ. ತುದಿ ಕಾಗದಕ್ಕೆ ತಾಗಿಕೊಂಡೇ ಓಡುತ್ತದೆ. ಐಸಿಂಗ್‌ನ ಉದ್ದ ಗೆರೆ ಹಾಗೆ ಬರುವುದಿಲ್ಲ. ತುದಿಯನ್ನು ಒಮ್ಮೆ ಕೇಕ್‌ಗೆ ಮುಟ್ಟಿಸಿ, ಮೆಲ್ಲಗೆ ಒತ್ತುತ್ತಾ ಕೈ ಮೇಲೆತ್ತಬೇಕು. ಐಸಿಂಗ್ ಗಾಳಿಯಲ್ಲೇ ದಾರವಾಗಿ ಜೋತುಬೀಳುತ್ತದೆ. ಅದನ್ನು ಬೇಕಾದ ಜಾಗಕ್ಕೆ ಒಯ್ದು ಮಲಗಿಸಬೇಕು. ಮುಗಿಸುವ ಮುಂಚೆಯೇ ಒತ್ತುವುದನ್ನು ನಿಲ್ಲಿಸಿ, ಆಮೇಲೆ ತುದಿ ಮುಟ್ಟಿಸಿ ಬಿಡಿಸಿಕೊಳ್ಳಬೇಕು. ಕೈ ಅವಸರ ಮಾಡಿದರೆ ದಾರ ಹರಿಯುತ್ತದೆ, ತಡ ಮಾಡಿದರೆ ಸುರುಳಿ ಸುತ್ತಿಕೊಳ್ಳುತ್ತದೆ.

ಇದಕ್ಕೆ ನನಗೆ ಹತ್ತಿರ ಅನ್ನಿಸಿದ್ದು ‘ಎಳೆ ಬಿಡು’. ಐಸಿಂಗ್‌ನ ಗೆರೆಗೆ ‘ಎಳೆ’ ಎಂಬುದು ಚೆನ್ನಾಗಿ ಒಪ್ಪುತ್ತದೆ, ಅಲ್ವಾ? ಆದರೆ ‘ಎರಡು ಎಳೆ ಬಿಡಿ’ ಎಂದು ಬರೆದರೆ ಎರಡು ಎಳೆ ಹಾಕಿ ಎಂದೋ, ಎರಡನ್ನು ಖಾಲಿ ಬಿಡಿ ಎಂದೋ? ಓದುವವರು ಇಲ್ಲಿ ತಡವರಿಸುತ್ತಾರೆ. ‘ಎಳೆ ಎಳೆಯಿರಿ’ ಇನ್ನೂ ಕೆಟ್ಟದು. ಕೇಳುವುದಕ್ಕೂ ಚೆಂದವಿಲ್ಲ, ಮಾಡುವುದಕ್ಕೂ ತಪ್ಪು, ಏಕೆಂದರೆ ಎಳೆದರೆ ಹರಿಯುತ್ತದೆ. ‘ಎಳೆ ಇಳಿಬಿಡಿ’ ಆದೀತು ಅನ್ನಿಸುತ್ತಿದೆ. ‘ಇಳಿ’ ಸೇರಿದ ಮೇಲೆ ಖಾಲಿ ಬಿಡುವ ಅರ್ಥ ಬರುವುದಿಲ್ಲ. ಯಾರಿಗಾದರೂ ಬೇರೆ ಅರ್ಥ ಹೊಳೆದರೆ ಹೇಳಿ.

ಇನ್ನೊಂದು ವಿಷಯ. ಎಲ್ಲ ಬಗೆಯ ಲೇಸ್‌ಗೂ ಒಂದೇ ಕ್ರಿಯಾಪದ ಹುಡುಕುವುದೇ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಕಾರ್ನೆಲ್ಲಿ ನೋಡಿ. ಡೊಂಕುಡೊಂಕಾಗಿ ಅಲೆಯುತ್ತಾ ಜಾಗವನ್ನೆಲ್ಲ ತುಂಬುವ ಎಳೆ ಅದು. ಎಲ್ಲೂ ತನ್ನನ್ನೇ ದಾಟುವುದಿಲ್ಲ, ತನಗೇ ತಾಗುವುದಿಲ್ಲ. ಅದರಲ್ಲಿ ನಾಝಲ್ ಕೇಕ್‌ನ ಮೈಗೆ ಅಂಟಿದಂತೆಯೇ ಸಾಗುತ್ತದೆ, ಮೇಲೆತ್ತುವ ಮಾತಿಲ್ಲ. ಅಲ್ಲಿ ‘ಓಡಿಸಿ’ ಎನ್ನುವುದೇ ಸರಿ. ಬ್ರಷ್ ಎಂಬ್ರಾಯಿಡರಿಯಲ್ಲಿ ಮೊದಲು ಎಸಳಿನ ಅಂಚಿಗೆ ಒಂದು ಎಳೆ ಕೊಡುತ್ತಾರೆ. ಅದು ಒಣಗುವ ಮೊದಲೇ ತುಸು ಒದ್ದೆ ಬ್ರಷ್ಷಿನಿಂದ ಒಳಕ್ಕೆ ಸವರುತ್ತಾರೆ. ಅಂಚಿನಲ್ಲಿ ದಪ್ಪ ಉಳಿದು, ನಡುವಿಗೆ ಬರುತ್ತಾ ತೆಳುವಾಗಿ ಕರಗಿಹೋಗುತ್ತದೆ. ‘ತೀಡಿ’ ಎಂಬ ಪದ ಇದಕ್ಕೇ ಹುಟ್ಟಿದಂತಿದೆ. ಇದನ್ನಂತೂ ನಾನು ಬಿಟ್ಟುಕೊಡುವುದಿಲ್ಲ.

ಇನ್ನು ನಾಮಪದ. ‘ಲೇಸ್’ ಎಂದೇ ಇಡಬೇಕೆಂದಿದ್ದೇನೆ. ವಿಭಕ್ತಿ ಹಚ್ಚಿದಾಗ ತೊಂದರೆ ಶುರುವಾಗುತ್ತದೆ. ‘ಲೇಸಿನ ಕೆಲಸ’ ಎಂದರೆ ನಮ್ಮ ಹಳೆಯ ‘ಲೇಸು’, ಅಂದರೆ ಒಳ್ಳೆಯದು, ಅದೇ ಮೊದಲು ನೆನಪಾಗುತ್ತದೆ. ಹಾಗಾಗಿ ‘ಲೇಸ್‌ನ’, ‘ಲೇಸ್‌ಗೆ’ ಎಂದು ಬಿಡಿಯಾಗಿಯೇ ಬರೆಯುತ್ತಿದ್ದೇನೆ. ‘ಕಸೂತಿ’ ಎನ್ನಿ ಎಂದು ಕೆಲವರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಕಸೂತಿಗೆ ಕೆಳಗೆ ಬಟ್ಟೆ ಬೇಕು. ಲೇಸ್‌ಗೆ ಬಟ್ಟೆಯಿಲ್ಲ, ಎಳೆ ಮತ್ತು ತೂತು ಎರಡೇ. ನಕ್ಷೆಯ ಮೇಲೆ ಮೇಣದ ಕಾಗದ ಹಾಸಿ, ಅದರ ಮೇಲೆ ಎಳೆ ಹಾಕಿ, ಪೂರ್ತಿ ಒಣಗಿಸಿ, ತೆಳು ಚಾಕುವಿನಿಂದ ಎಬ್ಬಿಸಿ ಕೇಕ್‌ನ ಅಂಚಿಗೆ ಚುಕ್ಕಿ ಐಸಿಂಗ್‌ನಿಂದ ಓರೆಯಾಗಿ ನಿಲ್ಲಿಸುವ ತುಣುಕುಗಳಿವೆಯಲ್ಲ, ಅವುಗಳ ಆಚೆ ಬೆಳಕು ಕಾಣಬೇಕು. ಅದನ್ನು ಕಸೂತಿ ಎನ್ನುವುದು ಹೇಗೆ? ‘ಜಾಲರಿ’ ಬೇಕಾದರೆ ಹತ್ತಿರ ಬರುತ್ತದೆ. ಬ್ರಷ್ ಕೆಲಸ ಮಾತ್ರ ಕಸೂತಿಯೇ, ಕೇಕ್‌ನ ಮೈಯೇ ಅದಕ್ಕೆ ಬಟ್ಟೆ.

ಗಟ್ಟಿ, ಮೆದು ಎಂದೆಲ್ಲ ಹೇಳಲು ‘ಹದ’ ಇದೆ, ಅಲ್ಲಿ ಚರ್ಚೆಯೇ ಬೇಡ. ಚಮಚ ಎತ್ತಿದಾಗ ಮೇಲೆದ್ದ ಮೊನೆ ತುದಿಯಲ್ಲಷ್ಟೇ ಬಾಗಿದರೆ ಎಳೆಗೆ ಸರಿ. ಅದನ್ನು ‘ಬಾಗುಮೊನೆ ಹದ’ ಎಂದು ಬರೆದಿದ್ದೇನೆ. ಒಂದು ಎಚ್ಚರಿಕೆಯನ್ನೂ ಸೇರಿಸಿದ್ದೇನೆ: ಕೇಕ್‌ಗೆ ಬಳಿಯುವ ರಾಯಲ್ ಐಸಿಂಗ್‌ಗೆ ಕತ್ತರಿಸಲು ಮೆತ್ತಗಿರಲಿ ಎಂದು ಗ್ಲಿಸರಿನ್ ಹಾಕುತ್ತಾರೆ, ಲೇಸ್‌ಗೆ ಅದನ್ನು ಹಾಕಬಾರದು. ಹಾಕಿದರೆ ತುಣುಕು ಗಟ್ಟಿಯಾಗುವುದಿಲ್ಲ, ಕಾಗದದಿಂದ ಎಬ್ಬಿಸುವಾಗಲೇ ಕೈಕೊಡುತ್ತದೆ.

ಕೊನೆಗೆ, ನಿಜಕ್ಕೂ ಪದ ಸಿಗದೆ ಒದ್ದಾಡುತ್ತಿರುವುದು ಆಸ್ಟ್ರೇಲಿಯಾದ ಕೇಕ್ ಕಲಾವಿದರಿಂದ ಹೆಸರಾದ ಎಕ್ಸ್‌ಟೆನ್ಷನ್ ವರ್ಕ್‌ಗೆ. ಕೇಕ್‌ನ ಬುಡದ ಹತ್ತಿರ ಎಳೆಗೆ ಎಳೆ ಸೇರಿಸುತ್ತಾ, ಪ್ರತಿಯೊಂದೂ ಒಣಗುವವರೆಗೆ ಕಾದು, ಹೊರಕ್ಕೆ ಚಾಚಿದ ಒಂದು ಸಣ್ಣ ಆಸರೆ ಕಟ್ಟುತ್ತಾರೆ. ಮೇಲಿನಿಂದ ಆ ಆಸರೆಗೆ ಕೂದಲಿನಂಥ ಎಳೆಗಳನ್ನು ಒತ್ತೊತ್ತಾಗಿ ಇಳಿಬಿಡುತ್ತಾರೆ. ಎರಡು ಎಳೆಗಳ ನಡುವೆ ಮತ್ತೊಂದು ಎಳೆ ಹಿಡಿಸದಷ್ಟು ಒತ್ತು. ಆ ಆಸರೆಯನ್ನು ಇಂಗ್ಲಿಷಿನಲ್ಲಿ ಬ್ರಿಡ್ಜ್ ಎನ್ನುತ್ತಾರೆ. ‘ಸೇತುವೆ’ ಎಂದರೆ ಎರಡು ದಡ ಬೇಕು, ಇಲ್ಲಿ ಇರುವುದು ಒಂದೇ. ‘ಕಟ್ಟೆ’ ಎಂದರೆ ನೆಲಕ್ಕೆ ಅಂಟಿದ್ದು ಎನ್ನುವ ಭಾವ. ‘ಚಾಚು’ ಎಂಬುದನ್ನೇ ನಾಮಪದವಾಗಿ ಬಳಸಿ, ಇಡೀ ಕೆಲಸಕ್ಕೆ ‘ಚಾಚುಲೇಸ್’ ಎನ್ನಬಹುದೇ? ಮರಗೆಲಸ, ಗಾರೆ ಕೆಲಸ ಬಲ್ಲವರು ಇದ್ದರೆ, ಗೋಡೆಯಿಂದ ಹೊರಕ್ಕೆ ಚಾಚಿ ಭಾರ ಹೊರುವ ಪಟ್ಟಿಗೆ ನೀವು ಏನನ್ನುತ್ತೀರಿ, ದಯವಿಟ್ಟು ತಿಳಿಸಿ.